ಬೇಲಿಯಾಚೆಗೂ ಕೇಳಿದ ಎರಡು ಗುಂಡು

ಮೊನ್ನೆ ಹಿತ್ತಲ ಗೇಟಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆಗೆ ನೆನಪಾಗಬೇಕಿದ್ದದ್ದು ಕೊಡಗಿನ ನಮ್ಮ ಮನೆ, ಕೈಲ್ ಮುಹೂರ್ತದ ಆಯುಧಪೂಜೆಗೆಂದು ಕೋವಿ ಒರೆಸುತ್ತ ಕೂರುತ್ತಿದ್ದ ಅಪ್ಪ. ನೆನಪಾದದ್ದು ಮಾತ್ರ ಇಲ್ಲೇ ಐರ್ಲೆಂಡಿನ ಕ್ಯಾಸಲ್‌ನಾಕ್‌ನಲ್ಲಿ ಪಕ್ಕದ ಮನೆಯಲ್ಲಿದ್ದ ಅಜ್ಜ...

ಅವರು ನಿವೃತ್ತ ಪೊಲೀಸ್. ಬ್ರಿಟಿಷರ ಕೈಯಲ್ಲೇ ಉಳಿದ ಉತ್ತರ ಭಾಗದ ಗಡಿಯ ಊರುಗಳಲ್ಲೇ ಸರ್ವಿಸ್ ಮುಗಿಸಿದವರು, ಅದೂ ಬರಿಗೈಯಲ್ಲಿ. ಲಾಕ್‌ಡೌನಿನಲ್ಲಿ ಇಲ್ಲಿ ನಾನೊಬ್ಬನೇ, ಅಲ್ಲಿ ಅವರೊಬ್ಬರೇ. ದಿನಕ್ಕೊಮ್ಮೆ ಬೇಲಿಯ ಬಳಿ ನಿಂತು ಮಾತಾಡದಿದ್ದರೆ ಇಬ್ಬರಿಗೂ ಹುಚ್ಚೇ ಹಿಡಿಯುತ್ತಿತ್ತು. ನಮ್ಮಲ್ಲಿ ಕೋವಿಗೆ ಹೂ ಮುಡಿಸಿ ಪೂಜೆ ಮಾಡುತ್ತೇವೆ, ಬ್ರಿಟಿಷರ ಕಾಲದಿಂದ ಲೈಸೆನ್ಸೂ ಬೇಡ ಎಂದರೆ ಅವರಿಗೆ ನಂಬಿಕೆಯೇ ಬರುತ್ತಿರಲಿಲ್ಲ.

“ಕೋವಿ ಇಲ್ದೆ ಅದೇನ್ ಪೊಲೀಸ್ ಕೆಲ್ಸ ಮಾಡಿದ್ರಿ ಅಜ್ಜ? ಕಳ್ಳರು ಟೀ ಕೊಟ್ಟು ಕಳಿಸ್ತಿದ್ರಾ?” ಎಂದು ಕೆಣಕುತ್ತಿದ್ದೆ.

“ಬ್ರಿಟಿಷರ ಜೊತೆ ಬಡಿದಾಡಿ ನಮ್ಮಪ್ಪಂದಿರಿಗೆ ಗುಂಡಿನ ಸದ್ದು ಸಾಕಾಗೋಗಿತ್ತು. ನಾವೂ ಗನ್ ಹಿಡಿದ್ರೆ ಬ್ರಿಟಿಷರಿಗೂ ನಮಗೂ ಏನ್ ವ್ಯತ್ಯಾಸ ಅಂತ ಕೇಳೋರು. ಗಡಿಯಾಚೆ ಪೊಲೀಸ್ರು ಹಾಲು ತರೋಕೂ ಗನ್ ಇಟ್ಕೊಂಡೇ ಹೋಗ್ತಿದ್ರು. ಪಾಪ, ಅವರ ಪಾಡು ಅದು.”

ಆ ವರ್ಷವೇ ಊರಲ್ಲಿ ಅಪ್ಪ ತೀರಿಕೊಂಡರು. ವಿಮಾನವಿಲ್ಲ. ಸಾವಾದ ಮನೆಯಿಂದ ಆಕಾಶಕ್ಕೆ ಎರಡು ಗುಂಡು ಹಾರಿಸುವುದು ನಮ್ಮ ಪದ್ಧತಿ. ಅದನ್ನಾದರೂ ಕೇಳುತ್ತೇನೆ ಎಂದು ತಮ್ಮನಿಗೆ ಫೋನ್ ಎತ್ತಿ ಹಿಡಿಯಲು ಹೇಳಿ, ಹಿತ್ತಲಲ್ಲಿ ಸ್ಪೀಕರ್ ಜೋರು ಮಾಡಿ ನಿಂತೆ. ಎರಡೂ ಕೇಳಿಸಿದವು. ಗೋಳೋ ಎಂದು ಅತ್ತುಬಿಟ್ಟೆ.

ತಲೆ ಎತ್ತಿದರೆ ಬೇಲಿಯಾಚೆ ಅಜ್ಜ ನೆಲಕ್ಕೆ ಮುಖ ಹಚ್ಚಿ ಮಲಗಿದ್ದಾರೆ! ಓಡಿದೆ. “ಗ್ರ್ಯಾಂಡ್, ಗ್ರ್ಯಾಂಡ್, ಚೆನ್ನಾಗೇ ಇದ್ದೀನಿ, ಏನಿಲ್ಲ” ಎನ್ನುತ್ತ ಎದ್ದು ಕೂತರು. ಗಡಿಯ ರಸ್ತೆಯೊಂದರಲ್ಲಿ, ಪಕ್ಕದಲ್ಲೇ ನಿಂತಿದ್ದ ಜೊತೆಗಾರನಿಗೆ ಗುಂಡು ಬಿದ್ದಿದ್ದನ್ನು ಆ ದಿನವೇ ಮೊದಲು ಹೇಳಿದ್ದು...

ಅಪ್ಪ ತೀರಿಕೊಂಡರು, ಆ ಗುಂಡು ಅವರಿಗೆ ಕೊಟ್ಟ ಮರ್ಯಾದೆ ಎಂದು ತೊದಲಿದೆ. ಅಷ್ಟರಲ್ಲಿ ತಮ್ಮ ವೀಡಿಯೊ ಕಳಿಸಿದ್ದ.

“ಇನ್ನೊಂದ್ಸಲ ಹಾಕು. ನಿಮ್ಮಪ್ಪಂಗೆ ನಾನು ನಿಂತ್ಕೊಂಡು ಮರ್ಯಾದೆ ಕೊಡ್ಬೇಕು.”

ಟೋಪಿ ತೆಗೆದು, ಬೇಲಿಯ ಕಂಬ ಹಿಡಿದು ನಿಂತರು. ಎರಡು ಸದ್ದಿಗೂ ಮೈ ನಡುಗಿತು. ಕೂರಲಿಲ್ಲ.

ಮುಂದಿನ ಚಳಿಗಾಲದಲ್ಲಿ ಅವರೂ ಹೋದರು. ಅಂತ್ಯಕ್ರಿಯೆಗೆ ಹೊರಗಿನವರನ್ನು ಬಿಡುತ್ತಿರಲಿಲ್ಲ. ಬೀದಿಯವರೆಲ್ಲ ತಂತಮ್ಮ ಗೇಟಿನ ಬಳಿ ನಿಂತೆವು, ಶವದ ಕಾರು ಮೆಲ್ಲಗೆ ದಾಟಿಹೋಯಿತು. ನನ್ನ ಕಿವಿ ಸುಮ್ಮನೆ ಎರಡು ಗುಂಡಿಗೆ ಕಾಯುತ್ತಿತ್ತು. ವೀಡಿಯೊ ಜೇಬಿನಲ್ಲೇ ಇತ್ತು, ತೆಗೆಯಲಿಲ್ಲ. ಅವರನ್ನು ಸದ್ದಿಲ್ಲದೆಯೇ ಕಳಿಸಬೇಕಿತ್ತು.

ಪಕ್ಕದ ಮನೆಗೆ ಈಗ ಬೇರೆಯವರು ಬಂದಿದ್ದಾರೆ, ಒಳ್ಳೆಯ ಜನ. ಮೊನ್ನೆ ಕೈಯ ಎಣ್ಣೆ ಒರೆಸಿಕೊಳ್ಳುತ್ತ ಆ ಕಂಬವನ್ನೇ ನೋಡುತ್ತ ನಿಂತಿದ್ದೆ. ಈ ದೇಶದಲ್ಲಿ ನನ್ನಪ್ಪನಿಗಾಗಿ ಎದ್ದು ನಿಂತವರು ಅವರೊಬ್ಬರೇ...