ಅರವತ್ತೊಂದನೆಯ ಪುಸ್ತಕದ ಕೊನೆಯ ಹಾಳೆ

1947ನೇ ಇಸವಿ ಮಾರ್ಚ್ 9, ಭಾನುವಾರ, ಬೆಳಿಗ್ಗೆ ಏಳೂಕಾಲು ಗಂಟೆ. ಮಂಡ್ಯದ ನನ್ನ ಬಾಡಿಗೆ ಕೋಣೆಯಲ್ಲಿ ಮೇಜನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ಇದನ್ನು ಬರೆಯಲು ಕೂತಿದ್ದೇನೆ. ನಾಳೆಗೆ ಸರಿಯಾಗಿ ಒಂದು ವರ್ಷದ ಹಿಂದೆ ನಾನು ಕಿರುಗಾವಲಿನ ಆಚೆಯ ಒಂದು ಹಳ್ಳಿಗೆ ಒಂದೇ ಒಂದು ಹಾಳೆ ಹಿಡಿದುಕೊಂಡು ಹೋಗಿದ್ದೆ. ಆ ಹಾಳೆಯ ಸಂಗತಿ ನನ್ನ ದಿನಚರಿಯಲ್ಲಿ ಏಳೆಂಟು ಕಡೆ ಹರಿದು ಹಂಚಿಹೋಗಿದೆ. ಅದನ್ನು ಒಂದೆಡೆ ಸೇರಿಸಿಡಬೇಕು ಎನಿಸಿತು.

ನಾನು ಸಕ್ಕರೆ ಕಾರ್ಖಾನೆಯ ತೂಕದ ಮನೆಯಲ್ಲಿ ಗುಮಾಸ್ತ. ಕಬ್ಬಿನ ಗಾಡಿ ಬಂದು ನಿಂತರೆ ಊರು, ಹೊತ್ತು, ತೂಕ ಬರೆದುಕೊಳ್ಳುವುದು ನನ್ನ ಕೆಲಸ. ಕಬ್ಬು ಅರೆಯುವ ಕಾಲದಲ್ಲಿ ಗಾಡಿಗಳ ಸಾಲು ರಸ್ತೆಯವರೆಗೂ ಬೆಳೆಯುತ್ತದೆ. ಸರದಿಗೆ ಕಾಯುವವರಿಗೆ ಮಾತು ಬೇಕು. 1940ರ ಚಳಿಗಾಲದಲ್ಲಿ ಬಸರಾಳು ಕಡೆಯ ಒಬ್ಬ ಗಾಡಿಯವನು ಕೂರಲು ಮೆತ್ತೆ ಮಾಡಿಕೊಂಡಿದ್ದ ಗೋಣಿಚೀಲದೊಳಗಿಂದ ಒಂದು ಹಳೆಯ ಪುಸ್ತಕ ಜಾರಿ ಬಿತ್ತು. ನಾನು ಅದನ್ನು ಎತ್ತಿ ಒರೆಸುತ್ತಿದ್ದುದನ್ನು ನೋಡಿ ಅವನು, “ನೀವೇ ಮಡೀಕಳಿ ಸ್ವಾಮಿ, ನಮ್ಮನೇಲಿ ಓದೋರು ಒಬ್ರೂ ಇಲ್ಲ. ಒಂದು ಹೊಸ ಪಂಚಾಂಗ ಕೊಡ್ಸಿ, ಸಾಕು” ಎಂದ. ನಾನು ಕೊಡಿಸಿದೆ. ಮುಂದಿನ ವಾರ ಅವನ ಊರಿನವರು ಇನ್ನಿಬ್ಬರು ತಲಾ ಒಂದು ಪುಸ್ತಕ ತಂದರು.

ಹೀಗೆ ಹಳೆಯ ಪುಸ್ತಕಕ್ಕೆ ಹೊಸ ಪಂಚಾಂಗ ಎಂಬುದು ಗಾಡಿಯವರಲ್ಲಿ ವಾಡಿಕೆಯಾಗಿಬಿಟ್ಟಿತು. ಇಂದಿನ ಲೆಕ್ಕಕ್ಕೆ ನನ್ನಲ್ಲಿ 143 ಪುಸ್ತಕಗಳಿವೆ: ಮಂಡ್ಯ ತಾಲ್ಲೂಕಿನಿಂದ 58, ಮದ್ದೂರಿನಿಂದ 49, ಮಳವಳ್ಳಿಯಿಂದ 36. ಅವುಗಳಿಗೆ ಒಂದು ವಹಿ ಮಾಡಿದ್ದೇನೆ. ನಂಬರು, ಬಂದ ದಿನ, ಊರು, ಕೊಟ್ಟವರು, ಆ ಮನೆಗೆ ಪುಸ್ತಕ ಬಂದ ಕಥೆ ಎಂದು ಐದು ಕಾಲಮ್ಮುಗಳು. ಐದನೆಯದಕ್ಕಾಗಿಯೇ ನಾನು ಪುಸ್ತಕ ಸೇರಿಸುತ್ತಿದ್ದೆ ಎಂದರೂ ಸರಿ. ಗಾಡಿಯವರನ್ನು ಕಾಡಿ ಬೇಡಿ ಕೇಳುತ್ತಿದ್ದೆ. ಎಷ್ಟೋ ಸಲ ಸಿಗುತ್ತಿದ್ದ ಉತ್ತರ, “ನಮ್ ತಾತನ ಕಾಲದ್ದು, ಅಟ್ಟದ ಮೇಲಿತ್ತು” ಎಂಬುದಷ್ಟೇ.

ಆ ಐದನೆಯ ಕಾಲಮ್ಮನ್ನು ನಾನೇ ಕತ್ತರಿಸಿ ಎಸೆಯುತ್ತಿದ್ದೆ ಎಂಬುದು ತಿಳಿಯಲು ನನಗೆ ಆರು ವರ್ಷ ಬೇಕಾಯಿತು.

ಪುಸ್ತಕಗಳು ಬರುವಾಗ ಹೇಗಿರುತ್ತಿದ್ದವೆಂದರೆ, ಎಣ್ಣೆ ಕಲೆ, ಹೊಗೆ, ಗೆದ್ದಲು. ಮೊದಲ ಮತ್ತು ಕೊನೆಯ ಖಾಲಿ ಹಾಳೆಗಳ ತುಂಬ ಏನೇನೋ ಗೀಚು. ನನಗೆ ಓರಣ ಬೇಕು. ಮದ್ದೂರಿನ ಪೇಟೆಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಒಬ್ಬ ಸಾಹೇಬರಿದ್ದಾರೆ. ಅವರ ಅಪ್ಪನೂ ಅದೇ ಕೆಲಸ ಮಾಡಿದವರು. ಹತ್ತು ಹದಿನೈದು ಪುಸ್ತಕಗಳ ಗಂಟು ಕಟ್ಟಿ ರೈಲಿನಲ್ಲಿ ಅವರ ಬಳಿಗೆ ಒಯ್ಯುತ್ತಿದ್ದೆ. ಗೀಚಿದ ಹಾಳೆ ತೆಗೆದುಬಿಡಿ, ಅಂಚು ಸವರಿ, ಹೊಸ ಬಿಳಿ ಹಾಳೆ ಹಾಕಿ, ಎಲ್ಲಕ್ಕೂ ಒಂದೇ ಕಂದು ಬಟ್ಟೆ ಹೊದಿಸಿ ಎಂದು ಹೇಳುತ್ತಿದ್ದೆ. ಒಂದು ಸಲ ಅವರು ಒಂದು ಹಾಳೆಯನ್ನು ಎತ್ತಿ ಹಿಡಿದು, “ಇದೂ ಬ್ಯಾಡ್ವಾ ಸ್ವಾಮಿ? ಯಾರೋ ಕಷ್ಟಪಟ್ಟು ಬರ್ದಂಗಿದೆ” ಎಂದರು. “ಬೇಡ” ಎಂದೆ. ಅವರು ಇನ್ನೊಂದು ಸಲ ಕೇಳಿದರು. ನಾನು ಇನ್ನೊಂದು ಸಲ ಬೇಡವೆಂದೆ.

1946ನೇ ಫೆಬ್ರವರಿ 6, ಬುಧವಾರ, ಮಧ್ಯಾಹ್ನ ಮೂರು ಗಂಟೆ. ಮಳವಳ್ಳಿ ಕಡೆಯ ಒಂದು ಗಾಡಿಯಿಂದ ವಯಸ್ಸಾದ ಒಬ್ಬ ಹೆಂಗಸು ಇಳಿದು ನನ್ನ ಕಿಟಕಿಯ ಹತ್ತಿರ ಬಂದರು. ಜೊತೆಯಲ್ಲಿ ಎಂಟು ವರ್ಷದ ಮೊಮ್ಮಗಳು.

“ಪಂಚಾಂಗ ಕೊಟ್ಟು ಬುಕ್ಕು ಇಸ್ಕೊಳ್ಳೋ ಗುಮಾಸ್ತ ನೀನೇಯೇನಪ್ಪ?”

“ನಾನೇ ಅಮ್ಮ.”

“ನಮ್ಮ ದನದ ಬುಕ್ಕು ನಿನ್ ತಾವ ಅದಂತೆ. ನಾನು ಮಗಳ ಬಾಣಂತನಕ್ಕೆ ಓಗಿದ್ದಾಗ ನಮ್ ಮೈದುನನ ಮಗ ತಂದು ಕೊಟ್ಟುಬುಟ್ಟವ್ನೆ. ಎಲ್ಡು ವರ್ಸ ಬಾಯಿ ಬುಡ್ನಿಲ್ಲ, ಮೊನ್ನೆ ಬುಟ್ಟ.”

ನಾನು ಹೆಮ್ಮೆಯಿಂದ ವಹಿ ತೆರೆದೆ. “ನಂಬರು ಅರವತ್ತೊಂದು. ದನಕರುಗಳ ಕಾಯಿಲೆ ಮತ್ತು ಔಷಧಿಯ ಪುಸ್ತಕ. 1944ನೇ ಮೇ 2ರಂದು ಬಂತು.”

“ನಂಬರೂ ನೀನೇ ಮಡಿಕೊ, ಬುಕ್ಕೂ ನೀನೇ ಮಡಿಕೊ. ಅದ್ರ ಕೊನೇಲಿ ಒಂದು ಆಳೆ ಅದೆ. ಅದನ್ನ ಈ ಕೂಸಿಗೆ ತೋರ್ಸಬೇಕು.”

ವಿಷಯ ಇಷ್ಟು. ಮೊಮ್ಮಗಳನ್ನು ಆ ವರ್ಷ ಶಾಲೆಗೆ ಸೇರಿಸಿದ್ದರು. ಅಜ್ಜಿ, ತಾನೂ ಒಂದು ಕಾಲದಲ್ಲಿ ಅಕ್ಷರ ಬರೆದಿದ್ದೆ ಎಂದಿದ್ದರು. ಮನೆಯವರೆಲ್ಲ ನಕ್ಕಿದ್ದರು. ಅವರ ಗಂಡ ಆ ಪುಸ್ತಕದ ಕೊನೆಯ ಹಾಳೆಯಲ್ಲಿ ಮೇಲ್ಪಂಕ್ತಿ ಬರೆದುಕೊಟ್ಟು, ಅದರ ಕೆಳಗೆ ಇವರ ಕೈಯಲ್ಲಿ ತಿದ್ದಿಸಿದ್ದರಂತೆ. ಗಂಡ ತೀರಿಕೊಂಡು ಹದಿನೆಂಟು ವರ್ಷವಾಗಿತ್ತು. ಅವರ ಕೈಬರಹ ಇದ್ದದ್ದು ಅದೊಂದೇ.

“ಅಜ್ಜಿಗೆ ಅಕ್ಸರವೇ ಬರಾಕಿಲ್ಲ,” ಎಂದು ಹುಡುಗಿ ನನಗೆ ತಿಳಿಸಿದಳು. “ಬಸ್ಸಿನ ಬೋರ್ಡೂ ಓದಾಕಿಲ್ಲ.”

“ಮರ್ತೋಗದೆ ಕಣೆ. ಮರೀಬೇಕು ಅಂದ್ರೆ ಮೊದ್ಲು ಕಲ್ತಿರಬೇಕು, ತಿಳ್ಕೊ.”

ಕೆಲಸ ಮುಗಿಸಿ ಅವರನ್ನು ಕೋಣೆಗೆ ಕರೆದುಕೊಂಡು ಬಂದೆ. ಅರವತ್ತೊಂದನೆಯದನ್ನು ಕಪಾಟಿನಿಂದ ತೆಗೆದು ಅವರ ಕೈಗೆ ಕೊಟ್ಟೆ. ಅವರು ಹಿಂದಿನ ರಟ್ಟು ತೆರೆದರು. ಬೆಳ್ಳಗಿನ ಹೊಸ ಹಾಳೆ. ಪುಸ್ತಕ ತಿರುಗಿಸಿ ಮುಂದಿನ ರಟ್ಟು ತೆರೆದರು. ಅಲ್ಲಿಯೂ ಬೆಳ್ಳಗಿನ ಹಾಳೆ. ಮತ್ತೆ ಹಿಂದಕ್ಕೆ ಹೋಗಿ ಹೆಬ್ಬೆರಳಿನಿಂದ ಆ ಬಿಳುಪನ್ನು ಉಜ್ಜಿ ನೋಡಿದರು.

“ನಾನ್ ಏಳ್ನಿಲ್ವಾ,” ಎಂದಳು ಹುಡುಗಿ.

ಅಜ್ಜಿ ಪುಸ್ತಕ ಮುಚ್ಚಿದರು. “ನಿನ್ ಬುಕ್ಕು ಚೆಂದಾಗದೆ ಕಣಪ್ಪ,” ಎಂದು ನನಗೆ ಹೇಳಿದರು. ಆಮೇಲೆ, “ಎಲ್ಲಾನೂವೆ ಬರ್ಕೊಂಡಿದ್ದೀಯ. ಕಿತ್ತಾಕಿದ್ದು ಎಲ್ಲೋಯ್ತು, ಅದನ್ನ ಬರ್ಕೊಂಡಿದ್ದೀಯಾ?” ಎಂದು ಕೇಳಿದರು.

ಬರೆದುಕೊಂಡಿರಲಿಲ್ಲ. ಹುಡುಕಿಸುತ್ತೇನೆ ಎಂದೆ. ಅವರು ಊರಿನ ಹೆಸರು ಹೇಳಿ ಗಾಡಿ ಹತ್ತಿದರು. ಆ ದಿನದ ದಿನಚರಿಯಲ್ಲಿ ಒಂದೇ ಸಾಲು ಇದೆ: “ಅಜ್ಜಿ ಸುಳ್ಳುಗಾರ್ತಿ ಎನಿಸಿಕೊಂಡು ಹೋದರು, ನನ್ನಿಂದ.”

ಫೆಬ್ರವರಿ 10, ಭಾನುವಾರ ಮದ್ದೂರಿಗೆ ಹೋದೆ. ಸಾಹೇಬರು ಯಾವುದೋ ಶಾಲೆಯ ಹಾಜರಿ ಪುಸ್ತಕ ಹೊಲಿಯುತ್ತಿದ್ದರು.

“ಏನ್ ಗುಮಾಸ್ತ್ರೇ, ಗಂಟು ಇಲ್ದೆ ಬಂದಿದ್ದೀರ? ಬರೀ ಮುಖ ಕಟ್ಟಿಸ್ಕೊಳ್ಳೋಕಾ?”

ನಾನು ಸಂಗತಿ ಹೇಳಿ, ಕಿತ್ತ ಹಾಳೆಗಳನ್ನು ಏನು ಮಾಡಿದಿರಿ, ಬಿಸಾಡಿದಿರಾ ಎಂದು ಕೇಳಿದೆ. ಅವರು ಸೂಜಿಯನ್ನು ದಾರದ ಉಂಡೆಗೆ ಚುಚ್ಚಿಟ್ಟು ನನ್ನನ್ನೇ ನೋಡಿದರು.

“ಲಡಾಯಿ ಕಾಲದಲ್ಲಿ ಕಾಗದ ಬಿಸಾಕೋನು ಉಂಟಾ ಸ್ವಾಮಿ? ಅಂಗಡೀಲಿ ರಟ್ಟು ಎಲ್ಲಿತ್ತು ಆಗ? ನಿಮ್ ಪುಸ್ತಕದ್ದು ನಿಮ್ ಪುಸ್ತಕದಲ್ಲೇ ಐತೆ.”

ಯುದ್ಧದ ವರ್ಷಗಳಲ್ಲಿ ರಟ್ಟು ಸಿಗದೆ ಅವರು ಬೇಡದ ಹಾಳೆಗಳನ್ನು ಮೈದಾ ಅಂಟಿನಿಂದ ಒಂದರ ಮೇಲೊಂದು ಮೆತ್ತಿ, ಕಲ್ಲಿನಡಿ ಒತ್ತಿ, ಒಣಗಿಸಿ ತಾವೇ ರಟ್ಟು ಮಾಡುತ್ತಿದ್ದರು. ಅದು ಒಣಗಲು ದಿನ ಹಿಡಿಯುತ್ತದೆ. ಆದ್ದರಿಂದ ಒಂದು ಗಂಟಿನಿಂದ ಕಿತ್ತ ಹಾಳೆ ಮುಂದಿನ ಗಂಟಿಗೆ ರಟ್ಟಾಗುತ್ತಿತ್ತು.

“ಯಾವ ಗಂಟು, ಯಾವಾಗ್ ಕೊಟ್ರಿ, ನಂಗೆ ನೆನಪಿರಲ್ಲ. ಬೇರೆಯೋರ ಪುಸ್ತಕಕ್ಕೂ ಓಗಿರಬೌದು,” ಎಂದರು.

ನನಗೂ ನೆನಪಿರಲಿಲ್ಲ, ಆದರೆ ಜೊತೆಗೆ ತಂದಿದ್ದ ದಿನಚರಿಯಲ್ಲಿತ್ತು. ಅರವತ್ತೊಂದನೆಯದು ಹೋದದ್ದು ಐದನೆಯ ಗಂಟಿನಲ್ಲಿ, 1944ನೇ ಜೂನ್ 11ರಂದು. ಆರನೆಯ ಗಂಟು ಜುಲೈ 23ರಂದು ಹೋಗಿತ್ತು. ಅದರಲ್ಲಿ ನಂಬರು 65ರಿಂದ 74ರವರೆಗೆ ಹತ್ತು ಪುಸ್ತಕ, ಇಪ್ಪತ್ತು ರಟ್ಟು. ಸಾಹೇಬರು ಕೇಳಿಸಿಕೊಂಡು, “ನೀವು ಇಷ್ಟು ಬರ್ದಿಡೋದನ್ನ ನೋಡಿ ನಾನು ನಗ್ತಿದ್ದೆ. ಇನ್ಮೇಲೆ ನಗಲ್ಲ. ತನ್ನಿ, ಬಿಚ್ಚೋಣ” ಎಂದರು.

ಮೂರು ಭಾನುವಾರ ಬಿಚ್ಚಿದೆವು. ಅಗಲವಾದ ತಟ್ಟೆಯಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಬಟ್ಟೆ ಬಿಡಿಸಿದ ರಟ್ಟನ್ನು ಅದರಲ್ಲಿ ಮಲಗಿಸಿ, ಅಂಟು ಸಡಿಲವಾದ ಮೇಲೆ ಬಿದಿರಿನ ಸೀಳಿನಿಂದ ಒಂದೊಂದೇ ಪದರ ಎಬ್ಬಿಸಬೇಕು. ಅವರ ಕೈ ನೋಡುತ್ತಾ ನನ್ನ ಕೈಗೂ ಅದು ಬಂತು. ಫೆಬ್ರವರಿ 17ರಂದು ಏಳು ರಟ್ಟು, 24ರಂದು ಏಳು ರಟ್ಟು. ಹಳೆಯ ಮದುವೆಯ ಕಾಗದ, ಯಾವುದೋ ಕಚೇರಿಯ ರದ್ದಿ, ಶಾಲಾ ಹುಡುಗರ ಕೂಡುವ ಲೆಕ್ಕ. ನಡುನಡುವೆ ನನ್ನ ಪುಸ್ತಕಗಳ ಹಾಳೆಗಳು. ಒಂದರಲ್ಲಿ ಊರಿಗೆ ನಲ್ಲಿ ಬಂದ ದಿನ. ಒಂದರಲ್ಲಿ, ಈ ಪುಸ್ತಕವನ್ನು ಎರವಲು ಕೊಟ್ಟರೆ ಯಾರಿಗೆ ಕೊಡಬಾರದು ಎಂಬ ಎಚ್ಚರಿಕೆ. ಅಜ್ಜಿಯ ಹಾಳೆ ಮಾತ್ರ ಇಲ್ಲ.

ನನಗೆ ಬೇರೆ ಭಯವೂ ಇತ್ತು. ರಟ್ಟಿನ ಮೇಲೆ ನಾನು ದುಂಡಗೆ ಬರೆದು ಅಂಟಿಸಿದ್ದ ನಂಬರಿನ ಚೀಟಿಗಳು ನೀರು ತಾಗಿದ ಕೂಡಲೇ ನೀಲಿಯಾಗಿ ಕರಗಿಹೋಗುತ್ತಿದ್ದವು. ಹಾಳೆ ಸಿಕ್ಕರೂ ಅಕ್ಷರ ಉಳಿದಿರುತ್ತದೆಯೇ?

“ನಿಮ್ದು ಅಂಗಡಿ ಮಾತ್ರೆ ಕರಗಿಸಿದ ಇಂಕು. ಓಗತ್ತೆ,” ಎಂದರು ಸಾಹೇಬರು. “ಹಳ್ಳಿಯೋರು ಅಳಲೆಕಾಯಿ ಮಸಿ ಮನೇಲೇ ಕಾಯಿಸ್ಕೊಳ್ತಿದ್ರು. ಅದು ನೀರಿಗೆ ಹೆದರೋದಲ್ಲ.”

ಮಾರ್ಚ್ 3, ಭಾನುವಾರ, ಬೆಳಿಗ್ಗೆ ಹತ್ತೂವರೆ. ಹದಿನೇಳನೆಯ ರಟ್ಟು, ನಾಲ್ಕನೆಯ ಪದರ. ಮೊದಲು ಕಂಡದ್ದು ದಪ್ಪನೆಯ, ನೆಟ್ಟಗಿನ ಒಂದು ಸಾಲು: ಒಬ್ಬ ಹೆಂಗಸಿನ ಹೆಸರು, ಅವಳ ತವರೂರು. ಕೆಳಗೆ ಅದೇ ಸಾಲು ಸೊಟ್ಟಸೊಟ್ಟಗೆ, ಮತ್ತೆ, ಮತ್ತೆ. ಕಪ್ಪು ಒಂದಿಷ್ಟೂ ಕದಡಿರಲಿಲ್ಲ. ಸಾಹೇಬರು ಅದನ್ನು ಎರಡು ಅಂಗೈ ಮೇಲೆ ಎತ್ತಿ ಒಣಬಟ್ಟೆಯ ಮೇಲೆ ಮಲಗಿಸಿದರು. ಕೂಲಿಯ ಮಾತು ತೆಗೆದದ್ದಕ್ಕೆ ಬೈದರು. “ಮೆತ್ತಿದ್ದೂ ನಾನೇ, ಬಿಡಿಸಿದ್ದೂ ನಾನೇ. ಆ ಅಮ್ಮನಿಗೆ ನನ್ನ ಸಲಾಂ ಹೇಳಿ” ಎಂದರು.

ಮಾರ್ಚ್ 10ರಂದು ರೈಲಿನಲ್ಲಿ ಮದ್ದೂರಿಗೆ, ಅಲ್ಲಿಂದ ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಮಳವಳ್ಳಿಗೆ, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ಕಿರುಗಾವಲಿಗೆ, ಮುಂದೆ ನಡಿಗೆ. ಎರಡು ಪುಸ್ತಕಗಳ ನಡುವೆ ಹಾಳೆ ಇಟ್ಟು ಎದೆಗೆ ಅವುಚಿಕೊಂಡಿದ್ದೆ. ಅಜ್ಜಿ ಜಗುಲಿಯಲ್ಲಿ ಹುರುಳಿ ಕೇರುತ್ತಿದ್ದರು. ಮೊರ ಕೆಳಗಿಟ್ಟು, ಕೈ ಒರೆಸಿಕೊಂಡು ಹಾಳೆ ತೆಗೆದುಕೊಂಡರು. ಬಹಳ ಹೊತ್ತು ಮೇಲಿನ ಸಾಲನ್ನೇ ನೋಡಿದರು. ಆಮೇಲೆ ಬೆರಳಿಟ್ಟು ಕೆಳಗಿನ ಸಾಲುಗಳನ್ನು ಎಣಿಸಿದರು.

“ಅನ್ನೊಂದದೆ. ನಾನು ಅನ್ನೆರ್ಡು ಬರ್ದಿದ್ದೆ.”

ನಾನೂ ಎಣಿಸಿದ್ದೆ. ಹನ್ನೊಂದೇ. ಹಾಳೆಯ ಕೆಳಗಿನ ಅಂಚಿನಲ್ಲಿ ಕೆಲವು ಅಕ್ಷರಗಳ ನೆತ್ತಿ ಮಾತ್ರ ಉಳಿದಿತ್ತು. ರಟ್ಟಿನ ಅಳತೆಗೆ ಸವರುವಾಗ ಹನ್ನೆರಡನೆಯ ಸಾಲು ಹೋಗಿತ್ತು. ತಪ್ಪಾಯಿತು ಎಂದೆ.

“ಓಗ್ಲಿ ಬುಡು. ಅದೇ ಒಸಿ ಚೆಂದಾಗಿತ್ತು.”

ಮೊಮ್ಮಗಳು ಓಡಿ ಬಂದು ಹಾಳೆಯ ಮೇಲೆ ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. ಅಜ್ಜಿಯ ಹೆಸರು ಬಂತು. ತವರೂರಿನ ಹೆಸರು ಬಂತು. ತಲೆ ಎತ್ತಿ, “ನಿಂದು ನನ್ನದ್ಕಿಂತ ಸೊಟ್ಟ ಕಣಜ್ಜಿ” ಎಂದಳು.

“ಸೊಟ್ಟಗೋ ನೆಟ್ಟಗೋ, ಯಾರು ಬರ್ದಿದ್ದು ಅಂತ ಏಳು ಮತ್ತೆ.”

“ನೀನೇಯ.”

“ಒಳಿಕ್ಕೋಗಿ ನಿಮ್ಮಪ್ಪಂಗೂ ಅದನ್ನೇ ಏಳು. ಗಟ್ಟಿಯಾಗೇಳು.”

ಅವಳು ಒಳಗೆ ಹೋದ ಮೇಲೆ ಅಜ್ಜಿ ನನಗೆ ಮಜ್ಜಿಗೆ ಕೊಟ್ಟು, ನಾನು ಕೇಳದೆಯೇ ಕಥೆ ಹೇಳಿದರು. ಮದುವೆಯಾದ ಮೂರನೇ ವರ್ಷ ಮನೆಯ ಒಂದು ಎತ್ತಿಗೆ ಕಾಲು ಬಾಯಿ ಬೇನೆ ಬಂತಂತೆ. ಪುಸ್ತಕ ನೋಡಿ ಔಷಧಿ ಮಾಡಿ, ದಿನವೂ ಸಂಜೆ ಗಂಡಹೆಂಡಿರು ಕೊಟ್ಟಿಗೆಯಲ್ಲಿ ಅದನ್ನು ಕಾಯುತ್ತಾ ಕೂರಬೇಕಿತ್ತು. ಸ್ಲೇಟಿಲ್ಲ, ಬೇರೆ ಕಾಗದವಿಲ್ಲ. ಸುಮ್ಮನೆ ಕೂತು ಏನು ಮಾಡುತ್ತೀ ಎಂದು ಗಂಡ ಪುಸ್ತಕದ ಹಿಂದಿನ ಹಾಳೆಯಲ್ಲೇ ಮೇಲ್ಪಂಕ್ತಿ ಬರೆದು ಕೈಗೆ ಲೆಕ್ಕಣಿಕೆ ಕೊಟ್ಟರು. ಸಂಜೆಗೊಂದು ಸಾಲು.

“ಅನ್ನೆರ್ಡನೇ ದಿನ ಎತ್ತು ಎದ್ದು ನಿಂತ್ಕೊಂತು. ನನ್ ಪಾಟ ಮುಗೀತು,” ಎಂದರು. “ಇನ್ನೊಂದು ಎಂಟು ದಿನ ಮಲಗಿದ್ದಿದ್ರೆ ನಾನೂ ಗುಮಾಸ್ತಿ ಆಗೋಗ್ತಿದ್ದೆ.”

ಹಾಳೆ ಅವರದು, ಪುಸ್ತಕ ನನ್ನದು ಎಂದು ಅವರೇ ತೀರ್ಮಾನಿಸಿದರು. ಹೊರಡುವಾಗ ಸಾಹೇಬರಿಗೆಂದು ಒಂದು ಗಂಟು ಹುರುಳಿ ಕೊಟ್ಟರು. ಮುಂದಿನ ಭಾನುವಾರವೇ ತಲುಪಿಸಿದೆ. ನನ್ನ ವಹಿಯಲ್ಲಿ ಅರವತ್ತೊಂದನೆಯ ನಂಬರಿನ ಐದನೆಯ ಕಾಲಮ್ಮು ಈಗ ಮೂರು ಪುಟವಾಗಿದೆ. ಮಿಕ್ಕ ಯಾವ ಪುಸ್ತಕಕ್ಕೂ ಅಷ್ಟಿಲ್ಲ. ಆ ಅಜ್ಜಿ ನನ್ನನ್ನು ಬೈದು ಹೋಗಿದ್ದರೆ ಅದಕ್ಕೆ ಅರ್ಥವಿತ್ತು. ಬದಲಿಗೆ ನಾನು ಆರು ವರ್ಷದಿಂದ ಕೇಳುತ್ತಿದ್ದುದನ್ನು ಮಜ್ಜಿಗೆಯ ಜೊತೆಗೆ ಕೊಟ್ಟರು. ಆ ಋಣವನ್ನು ಬರೆಯಲು ನನ್ನ ವಹಿಯಲ್ಲಿ ಕಾಲಮ್ಮಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಯಾವ ಪುಸ್ತಕದ ಅಂಚನ್ನೂ ಸವರಿಸುವುದಿಲ್ಲ, ಗೀಚನ್ನು ತೆಗೆಸುವುದಿಲ್ಲ. ಅಜ್ಜಿಯ ಹಾಳೆ ಸಿಕ್ಕ ದಿನವೇ ಉಳಿದ ಮೂರು ರಟ್ಟನ್ನೂ ಬಿಚ್ಚಿದ್ದೆವು; ಆ ಇಪ್ಪತ್ತರಿಂದ ಎದ್ದ ಪದರಗಳು ಒಟ್ಟು 152. ಅವುಗಳಲ್ಲಿ ನನ್ನ ಪುಸ್ತಕದವು 34. ಅಜ್ಜಿಯದೂ ಸೇರಿ ಒಂಬತ್ತರ ಮನೆ ತಿಳಿದಿದೆ. ಉಳಿದ ಇಪ್ಪತ್ತೈದನ್ನು ಒಣಗಿಸಿ ಒಂದು ಪೆಟ್ಟಿಗೆಯಲ್ಲಿಟ್ಟಿದ್ದೇನೆ. ಮದ್ದೂರು ತಾಲ್ಲೂಕಿನ ಒಂದು ಹಾಳೆಯಲ್ಲಿ ಕೊಕ್ಕರೆಗಳು ಊರಿನ ಮರಗಳಿಗೆ ಬಂದ ದಿನ, ಬಿಟ್ಟುಹೋದ ದಿನ, ಒಂಬತ್ತು ವರ್ಷದ್ದು ಇದೆ. ಕೊಕ್ಕರೆ ಬೆಳ್ಳೂರಿನವರದೇ ಇರಬೇಕು, ಆದರೆ ಯಾವ ಮನೆ? ಇನ್ನೊಂದರಲ್ಲಿ ಒಂದು ಮಗುವಿನ ಅಂಗೈಯನ್ನು ಹಾಳೆಯ ಮೇಲಿಟ್ಟು ಸುತ್ತಲೂ ಗೆರೆ ಎಳೆದಿದ್ದಾರೆ, ಹೆಸರಿಲ್ಲ. ಮತ್ತೊಂದರಲ್ಲಿ, “ಓದಿ ಮುಗಿಯಿತು, ಇನ್ನೊಮ್ಮೆ ಓದಬೇಕು” ಎಂದು ಬೇರೆ ಬೇರೆ ನಾಲ್ಕು ಕೈಗಳಲ್ಲಿ ಬರೆದಿದೆ.

ಮಿಕ್ಕ ಗಂಟುಗಳ ರಟ್ಟುಗಳನ್ನು ನಾನಿನ್ನೂ ಬಿಚ್ಚಿಲ್ಲ. ನೆನೆಸಿದರೆ ಒಂದೆರಡು ಹಾಳೆ ಹಾಳಾಗುವುದು ಖಂಡಿತ. ಕೇಳುವವರು ಬಂದರೆ ಮಾತ್ರ ಬಿಚ್ಚೋಣ ಎಂದು ಸಾಹೇಬರೂ ನಾನೂ ಮಾತಾಡಿಕೊಂಡಿದ್ದೇವೆ. ನಿಮ್ಮ ಮನೆಯಿಂದ 1940ರ ಈಚೆಗೆ ಕಬ್ಬಿನ ಗಾಡಿಯಲ್ಲಿ ಒಂದು ಹಳೆಯ ಪುಸ್ತಕ ಮಂಡ್ಯಕ್ಕೆ ಬಂದು, ಬದಲಿಗೆ ಪಂಚಾಂಗ ಹೋಗಿದ್ದರೆ, ಅದರಲ್ಲಿ ಯಾರೋ ಏನೋ ಬರೆದಿದ್ದ ನೆನಪು ನಿಮ್ಮ ಮನೆಯ ಹಿರಿಯರಿಗಿದ್ದರೆ, ದಯವಿಟ್ಟು ಈ ಬರಹ ಅಚ್ಚಾದ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಊರು, ಪುಸ್ತಕ ಕೊಟ್ಟ ಸುಮಾರು ದಿನ, ಇಷ್ಟು ತಿಳಿಸಿದರೆ ಸಾಕು. ಯಾವ ರಟ್ಟು ಎಂದು ನಾನು ಹುಡುಕಿಕೊಳ್ಳುತ್ತೇನೆ.