ಕೋಟೆ ಗೋಡೆಗೆ ಬಳೆ ತೊಡಿಸಿದ ಹುಲುಗಮ್ಮ

ಬೆಳಗಿನ ಐದೂಮುಕ್ಕಾಲು. ಬಳ್ಳಾರಿ ಕೋಟೆಯ ಪೂರ್ವ ದಿಕ್ಕಿನ ಗೋಡೆಗೆ ಬಿದಿರಿನ ಏಣಿಯೊಂದು ಒರಗಿದೆ. ಏಣಿಯ ಮೇಲೆ ಹುಲುಗಮ್ಮ. ಸೆರಗನ್ನು ಸೊಂಟಕ್ಕೆ ಬಿಗಿದು, ಗೋಡೆಯ ಬಿರುಕಿನ ಗುಂಟ ಬೆರಳನ್ನು ಮೇಲಿನಿಂದ ಕೆಳಕ್ಕೆ ಇಳಿಸುತ್ತಿದ್ದಾರೆ. ಬೆರಳು ಅಲ್ಲಲ್ಲಿ ನಿಲ್ಲುತ್ತದೆ. ನಿಂತಲ್ಲೆಲ್ಲ ಒಂದು ಹಸಿರು ಬಳೆಯ ಚೂರು. ಬಿರುಕಿನ ಈ ದಡದಲ್ಲಿ ಒಂದು ತುದಿ, ಆ ದಡದಲ್ಲಿ ಇನ್ನೊಂದು, ಎರಡಕ್ಕೂ ಸುಣ್ಣದ ಗಾರೆಯ ಹಿಡಿತ. ಹನ್ನೊಂದನೆಯ ಚೂರನ್ನು ಮುಟ್ಟಿ ಕೆಳಗಿಳಿಯುತ್ತಾರೆ.

"ಎಲ್ಲಾ ಅದಾವ," ಎನ್ನುತ್ತಾರೆ.

ಬಾಗಿಲು ಕಾಯುವ ಹೊನ್ನೂರಸ್ವಾಮಿ ಚಹಾದ ಲೋಟ ಹಿಡಿದು ಅಲ್ಲೇ ಕುರ್ಚಿಯಲ್ಲಿ ಕೂತಿದ್ದಾರೆ. "ಅಕ್ಕಾ, ಗ್ವಾಡಿಗೆ ಹೊಟ್ಟಿ ಬಂದೈತಿ, ಹಸಿರು ಬಳಿ ಇಟ್ಟು ಕುಬಸಾನೂ ಮಾಡೀದಿ. ಹೆರಿಗಿ ಯಾವಾಗ?"

"ಹೆರಿಗಿ ಆದ್ರ ನಿನ್ನ ತೆಲಿ ಮ್ಯಾಲ ಆಕ್ಕೈತಿ. ಕುರ್ಚಿ ಆ ಕಡಿ ಎಳ್ಕೊ."

ಹೊನ್ನೂರಸ್ವಾಮಿ ನಗುತ್ತಾರೆ, ಆದರೆ ಕುರ್ಚಿ ಎಳೆದುಕೊಳ್ಳುತ್ತಾರೆ. ಹುಲುಗಮ್ಮನ ಮಾತನ್ನು ಈ ಕೋಟೆಯಲ್ಲಿ ಯಾರೂ ಪೂರ್ತಿ ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ.

ಸೀಮಂತದ ಮಾತು ಹಾಗಿರಲಿ, ಗೋಡೆಗೆ ಹೊಟ್ಟೆ ಬಂದಿರುವುದು ನಿಜ. ನಡುವಿನ ಒಂದು ಆಳುದ್ದದ ಜಾಗ ಹೊರಕ್ಕೆ ಉಬ್ಬಿದೆ. ಬಳೆ ಇರುವುದು ಆ ಉಬ್ಬು ಬೆಳೆಯುತ್ತಿದೆಯೋ ಇಲ್ಲವೋ ತಿಳಿಯಲಿಕ್ಕೆ. ಗಾಜು ಹಿಗ್ಗುವುದಿಲ್ಲ, ಬಾಗುವುದಿಲ್ಲ. ಗೋಡೆ ಕೂದಲೆಳೆಯಷ್ಟು ಸರಿದರೂ ಚಟ್ಟನೆ ಮುರಿಯುತ್ತದೆ. ಕೋಟೆ ನೋಡಿಕೊಳ್ಳುವ ಇಲಾಖೆಯ ಕಿರಿಯ ಎಂಜಿನಿಯರ್ ಶಶಿಕಾಂತ್ ಅವರೊಂದಿಗೆ ಹುಲುಗಮ್ಮ ಮಾಡಿಕೊಂಡ ಒಪ್ಪಂದ ಸರಳವಾದದ್ದು. ಸ್ವಾತಂತ್ರ್ಯ ದಿನದೊಳಗೆ ಮೂರು ಬಳೆ ಮುರಿದರೆ ಯಂತ್ರ ಬರುತ್ತದೆ. ಗೋಡೆಯ ಆ ಭಾಗವನ್ನು ಕೆಡವಿ, ಅದರ ಬುಡದಲ್ಲಿರುವ ಹಳೆಯ ಗೋರಿಯನ್ನೂ ಎತ್ತಿ, ಸಿಮೆಂಟಿನಲ್ಲಿ ಹೊಸದಾಗಿ ಕಟ್ಟುತ್ತಾರೆ. ಮುರಿಯದಿದ್ದರೆ ಗೋಡೆ ಹುಲುಗಮ್ಮನದು. ಆದೇಶದ ಕಾಗದ ತಯಾರಾಗಿದೆ, ಸಹಿಯೊಂದು ಬಾಕಿ.

ಹುಲುಗಮ್ಮನಿಗೆ ಐವತ್ತೆಂಟು ವರ್ಷ. ದಿನಗೂಲಿ ಕೆಲಸ, ಮೂವತ್ತೊಂದು ವರ್ಷದ ಸೇವೆ. ಕೆಲಸದ ಹೆಸರು ಕಾಗದದಲ್ಲಿ ಏನೇ ಇರಲಿ, ಮಾಡುವುದು ಇಷ್ಟು: ಕೋಟೆಯ ಗೋಡೆ ಸಂದಿಗಳಲ್ಲಿ ಹುಟ್ಟುವ ಅರಳಿ, ಆಲ, ಬಸರಿ ಸಸಿಗಳನ್ನು ಬೇರು ಬಲಿಯುವ ಮೊದಲೇ ಕೀಳುವುದು. ಹಕ್ಕಿ ಹಣ್ಣು ತಿಂದು ಸಂದಿಯಲ್ಲಿ ಬೀಜ ಬಿಡುತ್ತದೆ. ಎರಡು ಮಳೆಗೆ ಕಿರುಬೆರಳಿನಷ್ಟು ಬೇರು, ಐದು ಮಳೆಗೆ ತೋಳಿನಷ್ಟು. ಆಮೇಲೆ ಕಲ್ಲು ಕಲ್ಲಿನ ಜತೆ ಇರುವುದಿಲ್ಲ.

ಬೇಸಿಗೆಯಲ್ಲಿ ದಿನಕ್ಕೆ ಮೂವತ್ತು ಸಸಿ, ಮಳೆ ಬಿದ್ದ ಮೇಲೆ ನೂರರ ಹತ್ತಿರ. ಸುಮ್ಮನೆ ಗುಣಿಸಿ ನೋಡಿದರೆ ಮೂರು ಲಕ್ಷ ದಾಟುತ್ತದೆ. ಈ ಕೋಟೆಯನ್ನು ಗೆಲ್ಲಲು ಪಾಳೇಗಾರರು, ಸುಲ್ತಾನರು, ಇಂಗ್ಲಿಷರು ದಂಡು ಕಟ್ಟಿಕೊಂಡು ಬಂದರು. ಮೂರು ಲಕ್ಷ ಮರಗಳ ದಂಡನ್ನು ಒಂದು ಕುಡುಗೋಲು, ಒಂದು ಕಬ್ಬಿಣದ ಕಡ್ಡಿ ಹಿಡಿದು ಒಬ್ಬ ಹೆಣ್ಣುಮಗಳು ತಡೆದು ನಿಂತಿದ್ದಾರೆ.

ಕಿತ್ತ ಸಸಿಯನ್ನು ಅವರು ಎಸೆಯುವುದಿಲ್ಲ. "ಅರಳಿ ಕಡಿಯೋದು ಪಾಪರಿ. ಅದಕ್ಕ ಮೊದ್ಲು ಕೈ ಮುಟ್ಟಿ ಹೇಳ್ತೀನಿ, ಇಲ್ಲಿ ಬ್ಯಾಡವ್ವಾ, ಬ್ಯಾರೆ ಕಡಿ ಜಾಗ ಕೊಡ್ತೀನಿ ಅಂತ." ಎಣ್ಣೆ ಡಬ್ಬಿಗಳಲ್ಲಿ ನೆಟ್ಟು, ಕೇಳಿದವರಿಗೆ ಕೊಡುತ್ತಾರೆ. ಸಿರಿಗೇರಿಯ ಶಾಲೆಯ ಮುಂದೆ, ರೂಪನಗುಡಿಯ ಕಟ್ಟೆಯಲ್ಲಿ, ಪಾರ್ವತಿನಗರದ ಒಂದು ತಿರುವಿನಲ್ಲಿ ಈಗ ಜನ ನೆರಳಿಗೆ ನಿಲ್ಲುವ ಮರಗಳು ಈ ಗೋಡೆಯಲ್ಲಿ ಹುಟ್ಟಿದವು.

ಹುಲುಗಮ್ಮ ಕುರುಗೋಡಿನವರು. ತಂದೆ ಗಾಳೆಪ್ಪ ಅಲ್ಲಿನ ಗುಡ್ಡದಲ್ಲಿ ಕಲ್ಲು ಸೀಳುತ್ತಿದ್ದರು. ಮದುವೆಯಾಗಿ ಕೋಟೆಯ ಬುಡದ ಓಣಿಗೆ ಬಂದಾಗ ಅತ್ತೆ ಸಾವಂತ್ರಮ್ಮ ಇದೇ ಕೆಲಸ ಮಾಡುತ್ತಿದ್ದರು. ಅತ್ತೆಯೇ ಗುರು. ದೇಶಕ್ಕೆ ಸ್ವಾತಂತ್ರ್ಯ ಬಂದಾಗ ಸಾವಂತ್ರಮ್ಮನಿಗೆ ಹನ್ನೆರಡು ವರ್ಷ, ತಾಯಿಯ ಜತೆ ಗಿಡ ಕೀಳಲು ಬರುತ್ತಿದ್ದಳಂತೆ. "ಬಾವುಟ ಬದಲಾತು, ಮರುದಿನ ಅದ ಗ್ವಾಡಿ, ಅದ ಗಿಡ, ಅಂತಿದ್ಲು ನಮ್ಮತ್ತಿ. ಆದ್ರ ಕೂಲಿಯವ್ರ ಮ್ಯಾಲಿನ ಮುಕಾದಮ ಮಾತ್ರ ಅವತ್ತು ಬೈದಿಲ್ಲಂತ. ಅಷ್ಟ ನೆನಪಿಟ್ಟಿದ್ಲು."

ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಗೋಡೆಯ ಮುಂದೆ ನಿಂತಾಗ ಮೂರನೆಯ ಭಾಷೆ. ಪಾಯಿಂಟಿಂಗ್, ಪ್ಲಂಬು, ಲೆವಲ್ಲು. "ಇವು ಇಂಗ್ಲಿಷ್ ಅಂತ ನಂಗ ಗೊತ್ತ ಇರಲಿಲ್ಲರಿ. ನಮ್ಮ ಕಲ್ಲುಕೆಲ್ಸದವ್ರ ಮಾತು ಅಂತ ತಿಳ್ಕೊಂಡಿದ್ದೆ. ಶಶಿಕಾಂತ್ ಸರ್ ಹೇಳಿದ್ಮ್ಯಾಲ ಗೊತ್ತಾತು."

ಓದು ಬಾರದ ಈ ತಾಯಿ ಗೋಡೆ ಓದುವುದನ್ನು ನೋಡಬೇಕು. ಅಂಗೈ ಇಟ್ಟು, ಸಣ್ಣ ಕಲ್ಲಿನಿಂದ ಎರಡು ಸಲ ಬಡಿದು, ಇದು ಯಾರ ಕಾಲದ್ದು ಎಂದು ಹೇಳುತ್ತಾರೆ. ಗುಡ್ಡದ ಮೇಲಿನ ಪಾಳೇಗಾರನ ಗೋಡೆಗೆ ಗಾರೆಯೇ ಇಲ್ಲ, ಕಲ್ಲಿಗೆ ಕಲ್ಲೇ ಆಧಾರ. ಅಲ್ಲಿ ಸಸಿ ಜಡೆ ಬಿಚ್ಚಿದಂತೆ ಬೇರುಸಹಿತ ಬರುತ್ತದೆ. ಕೆಳಗಿನದು ಹೈದರನ ಕಾಲದ್ದು, ಫ್ರೆಂಚ್ ಎಂಜಿನಿಯರನೊಬ್ಬ ಕಟ್ಟಿಸಿದ್ದು ಎಂದು ಜನ ಹೇಳುತ್ತಾರೆ. ಅಲ್ಲಿ ಸುಣ್ಣದ ಗಾರೆ, ಕೂದಲು ತೂರದಂಥ ಸಂದಿ. ಅದಕ್ಕೆ ಇಟ್ಟಿಗೆ ಸೇರಿಸಿದವರು ಇಂಗ್ಲಿಷರು. ಅಲ್ಲಲ್ಲಿ ಬಿಳಿಚಿಕೊಂಡಿರುವ ಸಿಮೆಂಟಿನ ತೇಪೆ ಅವರೆಲ್ಲ ಹೋದ ಮೇಲೆ ಯಾವುದೋ ಗುತ್ತಿಗೆದಾರ ಹಚ್ಚಿದ್ದು.

"ಮಳಿ ಬಂದಾಗ ನೋಡ್ಬೇಕ್ರಿ. ಪಾಳೇಗಾರನ ಗ್ವಾಡಿ ನೀರು ಹಂಗ ಬಿಡ್ತೈತಿ. ಫ್ರೆಂಚಂದು ಸೋಸಿ ಬಿಡ್ತೈತಿ. ಇಂಗ್ಲಿಷರು ತೂತು ಇಟ್ಟಾರ, ಅಲ್ಲಿಂದ ಬಿಡ್ತೈತಿ. ನಮ್ದು ಬಿಡೋದಿಲ್ಲ. ಹೊಟ್ಯಾಗ ಇಟ್ಕೊಂತೈತಿ."

ಇಲ್ಲಿಗೆ ಬರುವ ಕಾಲೇಜು ಮಾಸ್ತರರು ದೊಡ್ಡ ದೊಡ್ಡ ಮಾತಿನಲ್ಲಿ ಹೇಳುವ ಇನ್ನೂರು ಮುನ್ನೂರು ವರ್ಷಗಳ ಚರಿತ್ರೆ ಇಷ್ಟೇ ಸಾಲುಗಳಲ್ಲಿ ಮುಗಿದುಹೋಯಿತು. ಬಂದವರು ಬಿಟ್ಟುಹೋದದ್ದರಲ್ಲಿ ಕಲಿಯುವಂಥದ್ದೂ ಇತ್ತು. ತೂತು ಇಡುವುದನ್ನು ನಾವು ಮರೆತೆವು.

ಫ್ರೆಂಚ್ ಎಂಜಿನಿಯರನ ಕಥೆ ಬಳ್ಳಾರಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕೋಟೆ ಮುಗಿದ ಮೇಲೆ ಹೈದರ್ ಸುತ್ತ ಕಣ್ಣಾಡಿಸಿದನಂತೆ. ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಎಂದು ಕಂಡಿತಂತೆ. ಅಲ್ಲಿ ತೋಪಿಟ್ಟರೆ ಕೋಟೆ ಕೈಬಿಟ್ಟಂತೆಯೇ ಎಂದು ಸಿಟ್ಟಾಗಿ ಎಂಜಿನಿಯರನನ್ನು ಗಲ್ಲಿಗೇರಿಸಿದನಂತೆ. ಪೂರ್ವದ ಬಾಗಿಲ ಬಳಿ ಈ ಗೋಡೆಯ ಬುಡದಲ್ಲಿರುವ ಗೋರಿ ಆತನದೇ ಎಂದು ಕೆಲವರು ಹೇಳುತ್ತಾರೆ. ಅಲ್ಲ, ಯಾರೋ ಸಂತರದು ಎಂದು ಚಾದರ ಹೊದಿಸುವವರೂ ಇದ್ದಾರೆ.

ಹುಲುಗಮ್ಮನ ತಪ್ಪು ಶುರುವಾದದ್ದು ಈ ಗೋರಿಯಿಂದಲೇ. ಅದನ್ನು ಅವರೇ ಹೇಳುತ್ತಾರೆ, ಮುಚ್ಚಿಡುವುದಿಲ್ಲ. ಒಂಬತ್ತು ವರ್ಷದ ಹಿಂದೆ ಗಂಡ ಓಬಣ್ಣ ತೀರಿಹೋದರು. ಆ ವರ್ಷ ಗೋರಿಯ ಮೇಲ್ಗಡೆಯ ಗೋಡೆಯಲ್ಲಿ ಒಂದು ಅರಳಿ ಸಸಿ ಕಂಡಿತು.

"ಕೈ ಹಾಕಿದೆ. ಕೆಳಗ ನೋಡಿದ್ರ ಬಿಸಲಾಗ ಕಾಯ್ತಿತ್ತು ಗೋರಿ. ಯಾರ ಮಗನೋ, ಎಷ್ಟು ದೂರದಿಂದ ಬಂದಾನೋ. ಅವ್ರವ್ವಗ ಸುದ್ದಿ ಮುಟ್ಟಿತೋ ಇಲ್ಲೋ. ಒಂದು ಗಿಡ ನೆರಳಿಗಿರ್ಲಿ ಅಂತ ಬಿಟ್ಟೆ. ಮೂರು ಲಕ್ಷದಾಗ ಒಂದ. ಅದ ಒಂದ ನನ್ನ ಕೊಲ್ಲಾಕ ಹತ್ತೈತಿ."

ಸಸಿ ಮರವಾಯಿತು. ನೆರಳು ಬಿತ್ತು. ಜತೆಗೆ ಗೋಡೆ ಬಿರುಕು ಬಿಟ್ಟಿತು. ಕಳೆದ ವರ್ಷ ಶಶಿಕಾಂತ್ ವರ್ಗವಾಗಿ ಬಂದವರು ಮೊದಲು ಕಂಡದ್ದೇ ಈ ಉಬ್ಬು. ಮರವನ್ನು ಯಂತ್ರದಿಂದ ಒಮ್ಮೆಲೇ ಎಳೆದರೆ ಗೋಡೆಯೂ ಬೇರಿನ ಜತೆ ಬರುತ್ತದೆ, ನನಗೊಂದು ವರ್ಷ ಕೊಡಿ ಎಂದರು ಹುಲುಗಮ್ಮ. ಮರ ಕಡಿದು, ಹನ್ನೊಂದು ತಿಂಗಳು ಕೂತು, ಒಂದೊಂದೇ ಬೇರನ್ನು ಗೇಣುಗೇಣಾಗಿ ಕೊಯ್ದು ತೆಗೆದರು. ತೆಗೆದ ಪೊಳ್ಳಿಗೆ ಕಲ್ಲುಚೂರು, ಸುಣ್ಣದ ಗಾರೆ. ಬೇರು ಮುಗಿದ ದಿನ ಮನೆಯಿಂದ ಒಂದು ತಗಡಿನ ಡಬ್ಬಿ ತಂದರು. ಗಂಡ ಸತ್ತಾಗ ಅತ್ತೆ ಒಡೆಯಲು ಬಿಡದೆ ಬಿಚ್ಚಿ ಇಡಿಸಿದ ಬಳೆಗಳು ಅದರಲ್ಲಿದ್ದವು. ನಾಲ್ಕನ್ನು ಚೂರು ಮಾಡಿ ಬಿರುಕಿಗೆ ಕೂಡಿಸಿದರು.

ಆಗಸ್ಟ್ ಹನ್ನೆರಡರಂದು ಬಳ್ಳಾರಿಗೆ ದಿನವಿಡೀ ಮಳೆ. ಹದಿಮೂರರ ಬೆಳಿಗ್ಗೆ ಏಣಿಯ ಮೇಲೆ ಹುಲುಗಮ್ಮನ ಬೆರಳು ಎಂಟನೆಯ ಬಳೆಯ ಮೇಲೆ ನಿಂತುಬಿಡುತ್ತದೆ. ಒಂಬತ್ತನೆಯದರ ಮೇಲೂ. ಎರಡೂ ಮುರಿದಿವೆ.

ಕೆಳಗಿನಿಂದ ಹೊನ್ನೂರಸ್ವಾಮಿ ಮೆಲ್ಲಗೆ ಕೇಳುತ್ತಾರೆ. "ಡಬ್ಬ್ಯಾಗ ಇನ್ನೂ ಬಳಿ ಅದಾವಲ್ಲಕ್ಕ. ಸಾಹೇಬ್ರು ಬರಾಕ ಇನ್ನೂ ಒಂದು ತಾಸೈತಿ. ಹಚ್ಚಿಬಿಡು. ಯಾರ ನೋಡ್ತಾರ?"

"ಹಚ್ಚಬೌದಲೇ. ನಾಡಿದ್ದು ಮುನ್ನೂರು ಮಂದಿ ಇದರ ಕೆಳಗ ಹಾದು ಬಾವುಟಕ್ಕ ಹೋಗ್ತಾರ. ಗ್ವಾಡಿ ಬಿದ್ರ ಎಷ್ಟು ಮನ್ಯಾಗಿನ ಬಳಿ ಒಡೀತಾವು, ನೀ ಎಣಿಸ್ತೀಯೇನು?"

ಫೋನು ಮಾಡುವುದು ಹುಲುಗಮ್ಮನೇ. ಶಶಿಕಾಂತ್ ಅರ್ಧ ತಾಸಿನಲ್ಲಿ ಬರುತ್ತಾರೆ. ಅಂಗಿಯ ಜೇಬಿನಲ್ಲಿ ಆ ಆದೇಶದ ಕಾಗದ ಕಾಣುತ್ತದೆ. ಏಣಿ ಹತ್ತಿ ನೋಡಿ ಇಳಿಯುತ್ತಾರೆ.

"ಇನ್ನೊಂದು ಹೋದ್ರ ನನ್ನ ಕೈಯಾಗ ಏನೂ ಉಳಿಯೋದಿಲ್ಲ. ನೀವ ಹೇಳ್ರಿ ಅಮ್ಮಾ, ಏನ್ ಮಾಡೋದು?"

"ಮ್ಯಾಲಿನ ಏಳು ನೆಟ್ಟಗ ಅದಾವ ಸರ್, ಅಂದ್ರ ಬೇರಿನ ಕೆಲ್ಸ ಕೆಟ್ಟಿಲ್ಲ. ಕೆಳಗಷ್ಟ ಒಡದಾವ. ಹಿಂದ ನೀರು ನಿಂತೈತಿ. ಬುಡದಾಗಿನ ಆ ಸಿಮೆಂಟ್ ತೇಪಿ ಒಡೀರಿ."

ಉಬ್ಬಿದ ಗೋಡೆಯ ಬುಡವನ್ನು ಒಡೆಯುವುದೆಂದರೆ ಯಾವ ಎಂಜಿನಿಯರನೂ ಸುಲಭಕ್ಕೆ ಒಪ್ಪುವ ಮಾತಲ್ಲ. ಶಶಿಕಾಂತ್ ತೇಪೆಗೆ ಅಂಗೈ ಇಡುತ್ತಾರೆ. ತಣ್ಣಗಿದೆ, ಪಕ್ಕದ ಕಲ್ಲು ಅಷ್ಟು ತಣ್ಣಗಿಲ್ಲ. ಗೋಡೆಗೆ ಮರದ ಆಸರೆ ಕೊಡಿಸಿ, ಜನರ ದಾರಿಗೆ ಹಗ್ಗ ಕಟ್ಟಿಸಿ, ಉಳಿ ಸುತ್ತಿಗೆಯನ್ನು ಹುಲುಗಮ್ಮನ ಕೈಗೇ ಕೊಡುತ್ತಾರೆ.

ಹೊಡೆತ ಜೋರಿಲ್ಲ. ಮಗುವಿನ ಬೆನ್ನು ತಟ್ಟಿದಂತೆ ಅಂಗುಲ ಅಂಗುಲವಾಗಿ ಬಿಡಿಸುತ್ತಾರೆ. ಹಿಡಿಯಗಲದ ತೂತು ಬಿದ್ದದ್ದೇ ಕೆಂಪು ನೀರು ಚಿಮ್ಮಿ ಅವರ ಸೀರೆ ತೋಯಿಸುತ್ತದೆ. ಒಂದು ತಾಸಿಗೂ ಹೆಚ್ಚು ಹೊತ್ತು ಹರಿಯುತ್ತದೆ, ಕೊನೆಗೆ ತಿಳಿಯಾಗುತ್ತದೆ, ಹನಿಯಾಗುತ್ತದೆ. ತೇಪೆ ಪೂರ್ತಿ ಕಳಚಿದಾಗ ಒಳಗೆ ಅಚ್ಚುಕಟ್ಟಾದ ಹಳೆಯ ಇಟ್ಟಿಗೆಯ ಕಿಂಡಿ ಕಾಣುತ್ತದೆ. ನೀರು ಹೋಗಲೆಂದೇ ಇಂಗ್ಲಿಷರು ಇಟ್ಟದ್ದು. ಅದರ ಬಾಯಿಗೇ ನಮ್ಮವರು ಸಿಮೆಂಟು ಮೆತ್ತಿದ್ದರು. ಹುಲುಗಮ್ಮ ಕಿಂಡಿಯೊಳಗೆ ಮೊಣಕೈವರೆಗೆ ತೋಳು ತೂರಿಸಿ ಹೂಳು ಬಳಿಯುತ್ತಾರೆ. ಆಮೇಲೆ ಡಬ್ಬಿಯಿಂದ ಇನ್ನೊಂದು ಬಳೆ ತೆಗೆದು, ಮುರಿದ ಎರಡರ ಜಾಗಕ್ಕೆ ಹೊಸ ಚೂರು ಕೂಡಿಸುತ್ತಾರೆ, ಈ ಸಲ ಶಶಿಕಾಂತರ ಕಣ್ಣೆದುರಿಗೆ.

ಹದಿನಾಲ್ಕರಂದು ಮತ್ತೆ ಮಳೆ. ಕಿಂಡಿಯಿಂದ ನೀರು ಕೈಬೆರಳಿನಷ್ಟು ದಪ್ಪ ಹರಿಯುತ್ತಲೇ ಇರುತ್ತದೆ.

ಹದಿನೈದರ ಬೆಳಿಗ್ಗೆ ಏಣಿಯ ಹತ್ತಿರ ಮೂವರು. ಹೊನ್ನೂರಸ್ವಾಮಿ ಇವತ್ತು ಕುಬಸದ ಮಾತು ಎತ್ತುವುದಿಲ್ಲ, ಏಣಿಯನ್ನು ಎರಡೂ ಕೈಯಿಂದ ಹಿಡಿದು ನಿಂತಿದ್ದಾರೆ. ಹುಲುಗಮ್ಮನ ಬೆರಳು ಇಳಿಯುತ್ತದೆ. ಏಳು. ಎಂಟು, ಒಂಬತ್ತು. ಹತ್ತು. ಹನ್ನೊಂದು.

"ಎಲ್ಲಾ ಅದಾವ."

ಶಶಿಕಾಂತ್ ಜೇಬಿನಿಂದ ಸಹಿಯಾಗದ ಕಾಗದ ತೆಗೆದು ನಾಲ್ಕು ಮಡಿಕೆ ಮಾಡಿ ಮತ್ತೆ ಒಳಗಿಡುತ್ತಾರೆ. ಆದರೂ ಹಗ್ಗ ಬಿಚ್ಚಿಸುವುದಿಲ್ಲ. ಪ್ರತಿ ವರ್ಷ ಇದೇ ದಾರಿಯಿಂದ ಹತ್ತಿ ಮೇಲೆ ಬಾವುಟ ಹಾರಿಸುವ ವಾಕಿಂಗ್ ಸಂಘದವರು ಈ ವರ್ಷ ಆಚೆಯ ದಾರಿಯಿಂದ ಸುತ್ತಿ ಹತ್ತುತ್ತಾರೆ. ಏಕೆಂದು ಯಾರೋ ಗೊಣಗುವುದೂ ಕೇಳಿಸುತ್ತದೆ. ಮೇಲೆ ಬಾವುಟ ಬಿಚ್ಚಿಕೊಂಡಾಗ ಹುಲುಗಮ್ಮ ಕೆಳಗೆ ಗೋರಿಯ ಪಕ್ಕದಲ್ಲಿ ಡಬ್ಬಿಯ ಸಸಿಗಳಿಗೆ ನೀರು ಹಾಕುತ್ತಿದ್ದಾರೆ. ಗೋಡೆಯಿಂದ ಹತ್ತು ಮಾರು ದೂರದಲ್ಲಿ ಅವರು ಒಂದು ಬೇವು ನೆಟ್ಟಿದ್ದಾರೆ. ಗೋರಿಯ ನೆರಳಿಗೆ. "ಬೇವಿನ ಬೇರು ಅಷ್ಟು ದೂರ ಬರೋದಿಲ್ಲ, ಮುಂಜಾನಿ ನೆರಳು ಬರ್ತೈತಿ," ಎನ್ನುತ್ತಾರೆ.

ಇನ್ನೆರಡು ವರ್ಷಕ್ಕೆ ಕೆಲಸ ಮುಗಿಯುತ್ತದೆ. ಮೊಣಕಾಲು ಅಷ್ಟು ದಿನವೂ ಕಾಯುವುದೋ ಇಲ್ಲವೋ. ಏನಾದರೂ ಆಸೆ ಇದೆಯೇ ಎಂದರೆ ಎದುರಿನ ಕುಂಬಾರ ಗುಡ್ಡದ ಕಡೆ ಕೈ ಮಾಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಅದನ್ನು ಹತ್ತಿಲ್ಲವಂತೆ.

"ಆ ಫ್ರೆಂಚ್ ಮನಿಷ್ಯಾ ಕಟ್ಟಾಕಿಂತ ಮೊದ್ಲು ಒಂದ್ಸಾರಿ ಅದನ್ನ ಹತ್ತಿದ್ರ ಉಳೀತಿದ್ದ. ಕುರಿ ಕಾಯಾವ್ನ ಕೇಳಿದ್ರೂ ಹೇಳ್ತಿದ್ದ, ಯಾವ ಗುಡ್ಡ ಎತ್ತರ ಅಂತ. ನಾನೂ ಹತ್ತಿಲ್ಲ ನೋಡ್ರಿ. ಮೊಣಕಾಲು ಗಟ್ಟಿ ಇರೋದ್ರಾಗ ಒಂದ್ಸಾರಿ ಅಲ್ಲಿ ನಿಂತು ನಮ್ಮ ಗ್ವಾಡಿ ನೋಡ್ಬೇಕು. ಹತ್ರ ನಿಂತು ಎಷ್ಟು ನೋಡಿದ್ರೂ ನೆಟ್ಟಗ ಐತೋ ಇಲ್ಲೋ ಗೊತ್ತಾಗೋದಿಲ್ಲರಿ."