ಕುಡಿಯದೆ ಕೆಳಗಿಟ್ಟ ಕಾಫಿ

ನಮ್ಮದು ಗುತ್ತಿನ ಮನೆ. ಊರಿನ ನ್ಯಾಯ ಪಂಚಾಯಿತಿಗೆ ಜನ ನಮ್ಮ ಚಾವಡಿಗೇ ಬರುತ್ತಿದ್ದರು. ಅಂಥ ಮನೆಯಲ್ಲಿ ಹುಟ್ಟಿದ ನಾನು ಅಬುಧಾಬಿಯಲ್ಲಿ ಇನ್ನೊಬ್ಬರ ಚಾವಡಿ ಕಾಯುತ್ತೇನೆ. ರಾಜಮನೆತನದ ಒಬ್ಬ ಹಿರಿಯ ಶೇಖ್ ಅತಿಥಿಗಳನ್ನು ಕಾಣುವ ಮಜ್ಲಿಸ್‌ನಲ್ಲಿ ಯಾರು ಎಲ್ಲಿ ಕೂರಬೇಕು, ಯಾರ ಮಾತನ್ನು ಯಾರಿಗೆ ಹೇಗೆ ಮುಟ್ಟಿಸಬೇಕು ಎಂದು ನೋಡಿಕೊಳ್ಳುವುದು ನನ್ನ ಕೆಲಸ. ವಿಸಿಟಿಂಗ್ ಕಾರ್ಡಿನಲ್ಲಿ ಪ್ರೋಟೊಕಾಲ್ ಆಫೀಸರ್ ಎಂದಿದೆ. ನಿಜ ಹೇಳಬೇಕೆಂದರೆ, ಅವರು ಹೇಳಲು ಮುಜುಗರಪಡುವ ಮಾತುಗಳನ್ನು ನಾನು ನಯವಾಗಿ ಹೇಳಿ ಬರುತ್ತೇನೆ. ಅದರಲ್ಲಿ ನನಗೆ ಸ್ವಲ್ಪ ಜಂಬವೂ ಇತ್ತು.

ಕಳೆದ ವರ್ಷ ಅಂಥದೇ ಒಂದು ಮಾತು ನನ್ನ ಪಾಲಿಗೆ ಬಂತು. ಮಜ್ಲಿಸ್‌ನಲ್ಲಿ ಮೂವತ್ತು ವರ್ಷದಿಂದ ಕಾಫಿ ಬಗ್ಗಿಸಿ ಕೊಡುತ್ತಿದ್ದ ಬ್ಯಾರಿಗಳಿಗೆ, ವಯಸ್ಸಾಯಿತು, ಈ ತಿಂಗಳಿಗೆ ವೀಸಾ ಕ್ಯಾನ್ಸಲ್ ಎಂದು ತಿಳಿಸಬೇಕಿತ್ತು. ಅವರು ಉಳ್ಳಾಲದ ಕಡೆಯ ಮುಸ್ಲಿಮರು, ಎಲ್ಲರೂ ಬ್ಯಾರಿಗಳು ಎಂದೇ ಕರೆಯುವುದು. ನನ್ನನ್ನು ತಮಾಷೆಗೆ ಧಣಿಗಳೇ ಎಂದು ಕರೆಯುವವರು. ಹೇಳಿದೆ. ಅವರು ಕಾಫಿಯ ಹೂಜಿ ಒರೆಸುವುದನ್ನು ನಿಲ್ಲಿಸಲಿಲ್ಲ.

"ಹೋಗ್ತೇನೆ ಧಣಿಗಳೇ, ಅದಕ್ಕೇನೂ ಬೇಜಾರಿಲ್ಲ. ಆದ್ರೆ ಮೂವತ್ತು ವರ್ಷ ಶೇಖ್ ಅವರ ಕೈಗೇ ಕಾಫಿ ಕೊಟ್ಟದ್ದು. ಈ ಒಂದು ಮಾತು ಅವರ ಬಾಯಿಂದಲೇ ಬರ್ಬೇಕಿತ್ತು."

ನನಗೆ ನಾಚಿಕೆಯಾಯಿತು. ಹೀಗೆ ಎಷ್ಟು ಜನರನ್ನು ನಯವಾಗಿ ಸಾಗಹಾಕಿದ್ದೆನೋ!

ಮರುದಿನ ಬೆಳಿಗ್ಗೆ ಶೇಖ್ ಎದುರು ಕುಳಿತಾಗ, ಬ್ಯಾರಿಗಳು ಕೊಟ್ಟ ಕಾಫಿಯನ್ನು ಕುಡಿಯದೆ ಕೆಳಗಿಟ್ಟೆ. ಬೇಡಿಕೆ ಇರುವ ಅತಿಥಿ ಹಾಗೆ ಮಾಡುವುದು ಅಲ್ಲಿನ ಹಳೆಯ ಕ್ರಮ. ಸಂಬಳದ ಜನ ಮಾಡುವಂಥದ್ದಲ್ಲ. ಶೇಖ್ ಕಪ್ಪನ್ನು ನೋಡಿದರು, ನನ್ನನ್ನು ನೋಡಿದರು.

"ಏನು ಬೇಕು?"

"ಬ್ಯಾರಿಗಳಿಗೆ ತಾವೇ ಹೇಳಬೇಕು," ಎಂದೆ.

ಶೇಖ್ ಕೈಯಲ್ಲಿದ್ದ ಜಪಮಣಿಯನ್ನು ಪಕ್ಕಕ್ಕಿಟ್ಟರು. ಸಿಟ್ಟು ಬಂತೆಂದೇ ತಿಳಿದೆ. ಆಮೇಲೆ ದೂರದಲ್ಲಿ ನಿಂತಿದ್ದ ಬ್ಯಾರಿಗಳನ್ನು ಕರೆದು ಪಕ್ಕದಲ್ಲೇ ಕೂರಿಸಿಕೊಂಡು ವಿಷಯ ಹೇಳಿದರು. ಹೇಳಿ, ಹೂಜಿಯನ್ನು ಅವರ ಕೈಯಿಂದ ತೆಗೆದುಕೊಂಡು ತಾವೇ ಕಾಫಿ ಬಗ್ಗಿಸಿದರು. ಸಾಕೆನಿಸಿದವರು ಖಾಲಿ ಕಪ್ಪನ್ನು ಅಲ್ಲಾಡಿಸಬೇಕು, ಅಲ್ಲಿಯವರೆಗೆ ಬಗ್ಗಿಸುತ್ತಲೇ ಇರಬೇಕು. ಮೂರಕ್ಕಿಂತ ಹೆಚ್ಚು ಕುಡಿಯುವುದು ಮರ್ಯಾದೆಯಲ್ಲ. ಬ್ಯಾರಿಗಳು ಅಲ್ಲಾಡಿಸಲೇ ಇಲ್ಲ. ನಾಲ್ಕಾಯಿತು, ಐದಾಯಿತು. ಶೇಖ್ ಬಗ್ಗಿಸುತ್ತಲೇ ಇದ್ದರು.

ಹೊರಗೆ ಬಂದ ಮೇಲೆ ಕೇಳಿದೆ, "ಎಂತ ಮಾರಾಯ್ರೇ, ನೀವೇ ಕ್ರಮ ಮರೆತ್ರಾ?"

"ಮರೆತದ್ದಲ್ಲ ಧಣಿಗಳೇ," ಎಂದರು ಕಣ್ಣೊರೆಸಿಕೊಳ್ಳುತ್ತ. "ಅಲ್ಲಾಡಿಸಿದ್ರೆ ಖಲಾಸ್ ಅಲ್ವಾ."